ಒಂಬತ್ತನೇ ತರಗತಿಯ ಪೋಷಕರಿಗೆ: ನಿರಾಶ್ರಿತರು ಮತ್ತು ವಲಸೆ ಕುರಿತ ಪಾಠದ ಬಗ್ಗೆ

ಮಾನ್ಯ ಪೋಷಕರೆ,

ನಮಸ್ಕಾರ. ಬರುವ ವಾರದಿಂದ ಸಮಾಜ ವಿಜ್ಞಾನದ ಐದು ಅವಧಿಗಳಲ್ಲಿ ನಿರಾಶ್ರಿತರು, ಆಶ್ರಯ ಕೋರಿ ಬರುವವರು ಮತ್ತು ವಲಸಿಗರ ಬಗ್ಗೆ ಪಾಠ ನಡೆಯಲಿದೆ. ಆಮೇಲೆ ಒಂದು ಶನಿವಾರ ಮಕ್ಕಳನ್ನು ಟಿಬೆಟಿಯನ್ನರು ನೆಲೆಸಿರುವ ಬೈಲಕುಪ್ಪೆಗೆ ಕರೆದೊಯ್ಯುತ್ತೇವೆ. ಟಿವಿ, ವಾಟ್ಸ್ಯಾಪ್‌ಗಳಲ್ಲಿ ಈ ಮಾತು ಬಂದರೆ ಜೊತೆಗೆ ಜಗಳವೂ ಬರುತ್ತದೆ. ಹಾಗಾಗಿ ತರಗತಿಯಲ್ಲಿ ಏನು ಹೇಳುತ್ತೇವೆ, ಏನು ಮಾಡಿಸುವುದಿಲ್ಲ ಎಂಬುದು ನಿಮಗೆ ಮೊದಲೇ ಗೊತ್ತಿರಲಿ.

ಮೊದಲೆರಡು ಅವಧಿ ಕರ್ನಾಟಕದ ನಕ್ಷೆಯ ಕೆಲಸ. ದೂರದ ದೇಶಗಳಿಂದ ಶುರು ಮಾಡಿದರೆ ಮಕ್ಕಳು "ಅಯ್ಯೋ ಪಾಪ" ಅಂದು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಬೈಲಕುಪ್ಪೆಯಲ್ಲಿ 1959ರ ನಂತರ ಟಿಬೆಟ್ ಬಿಟ್ಟು ಬಂದವರಿಗೆ ಅಂದಿನ ಮೈಸೂರು ಸರ್ಕಾರ ಸುಮಾರು 3,000 ಎಕರೆ ಕೊಟ್ಟಿತು. ಅವರು ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಸಿಂಧನೂರಿನ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿವೆ. ಸುಳ್ಯದ ರಬ್ಬರ್ ತೋಟಗಳಲ್ಲಿರುವ ತಮಿಳು ಕುಟುಂಬಗಳು ಭಾರತ, ಶ್ರೀಲಂಕಾದ ಅಂದಿನ ಪ್ರಧಾನಿಗಳ ನಡುವಿನ 1964ರ ಶಾಸ್ತ್ರಿ–ಸಿರಿಮಾವೊ ಒಪ್ಪಂದದಂತೆ ಶ್ರೀಲಂಕಾದಿಂದ ಬಂದವು. ಆ ಒಪ್ಪಂದದಲ್ಲಿ 5,25,000 ಜನರನ್ನು ಭಾರತ ತನ್ನ ಪ್ರಜೆಗಳೆಂದು ಒಪ್ಪಿಕೊಂಡಿತ್ತು, ಹಾಗಾಗಿ ಅವರು ನಿರಾಶ್ರಿತರಲ್ಲ. ಯಾದಗಿರಿ, ರಾಯಚೂರಿನಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುವವರೂ ನಿರಾಶ್ರಿತರಲ್ಲ. ದೇಶದೊಳಗೆ ಎಲ್ಲಿ ಬೇಕಾದರೂ ನೆಲೆಸುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಶರಾವತಿ ಅಣೆಕಟ್ಟಿನ ನೀರಿನಲ್ಲಿ ಊರು ಮುಳುಗಿ ನೆಲೆ ಕಳೆದುಕೊಂಡವರನ್ನು ಎಲ್ಲಿಗೆ ಸೇರಿಸಬೇಕು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅದು ಒಳ್ಳೆಯ ಪ್ರಶ್ನೆ.

ಮೂರನೇ ಅವಧಿ ಕಾನೂನಿನದು. 1951ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ – ಈ ಐದರಲ್ಲೊಂದು ಕಾರಣಕ್ಕೆ ಕಿರುಕುಳದ ಭಯವಿದ್ದು ದೇಶ ಬಿಟ್ಟವರು ನಿರಾಶ್ರಿತರು. ಅರ್ಜಿ ಹಾಕಿ ಇನ್ನೂ ತೀರ್ಮಾನವಾಗದೆ ಕಾಯುತ್ತಿರುವವರು ಆಶ್ರಯ ಕೋರಿದವರು. ಬರಗಾಲ, ಬಡತನ ಆ ಐದರಲ್ಲಿಲ್ಲ. ಭಾರತ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಮ್ಮಲ್ಲಿ ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾಯ್ದೆಯೂ ಇಲ್ಲ.

ಕೊನೆಯ ಎರಡು ಅವಧಿಗೆ ಒಂದು ಲೆಕ್ಕ ಕೊಡುತ್ತೇವೆ. ಟಿಬೆಟಿನಿಂದ ಬಂದ ತಂದೆ ತಾಯಿಗೆ ಬೈಲಕುಪ್ಪೆಯಲ್ಲಿ 1985ರಲ್ಲಿ ಮಗಳು, 1989ರಲ್ಲಿ ಮಗ ಹುಟ್ಟಿದರು. ತಂದೆ ತಾಯಿ ಇಬ್ಬರೂ ಭಾರತದ ಪ್ರಜೆಗಳಲ್ಲ. ಅಕ್ಕ ಹುಟ್ಟಿನಿಂದಲೇ ಭಾರತದ ಪ್ರಜೆ, ತಮ್ಮ ಅಲ್ಲ. 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆ ತಾಯಿಯಲ್ಲಿ ಒಬ್ಬರಾದರೂ ಭಾರತದ ಪ್ರಜೆಯಾಗಿರಬೇಕು ಎಂಬ ನಿಯಮ ಬಂತು. ತಮ್ಮನ ಕೈಯಲ್ಲಿರುವುದು ಆಗಾಗ ನವೀಕರಿಸಬೇಕಾದ ಆರ್‌ಸಿ, ಅಂದರೆ ವಿದೇಶಿಯರ ನೋಂದಣಿ ಪತ್ರ. ಒಂದೇ ಮನೆ, ಒಂದೇ ಒಲೆ. ಆದರೆ ಪಾಸ್‌ಪೋರ್ಟ್, ಮತದಾನ, ಸರ್ಕಾರಿ ಕೆಲಸದ ಅರ್ಜಿ ಎಲ್ಲದರಲ್ಲೂ ಇಬ್ಬರ ದಾರಿ ಬೇರೆ. ಮಕ್ಕಳು ಈ ಇಬ್ಬರ ಕಾಗದಪತ್ರಗಳ ಪಟ್ಟಿಯನ್ನು ಅಕ್ಕಪಕ್ಕ ಬರೆಯಬೇಕು.

"ಹತ್ತು ನಿಮಿಷದಲ್ಲಿ ಮನೆ ಬಿಡಬೇಕು, ಚೀಲದಲ್ಲಿ ಏನು ತುಂಬುತ್ತೀರಿ?" ಎನ್ನುವ ಆಟ ಹಲವು ಕಡೆ ಆಡಿಸುತ್ತಾರೆ. ನಾವು ಆಡಿಸುವುದಿಲ್ಲ. ಅರ್ಧ ತರಗತಿಗೆ ಅದು ತಮಾಷೆಯಾಗುತ್ತದೆ. ನಿಜವಾಗಿಯೂ ಮನೆ ಬಿಟ್ಟು ಬಂದ ಮಗು ಸುಮ್ಮನಾಗಿಬಿಡುತ್ತದೆ. "ಹೊರಗಿನಿಂದ ಬಂದವರು ಕೈ ಎತ್ತಿ" ಎಂದೂ ಕೇಳುವುದಿಲ್ಲ. ಯಾವ ಮಗುವಿನ ಮನೆಯ ದಾಖಲೆಯನ್ನೂ ಈ ಪಾಠಕ್ಕಾಗಿ ತರಿಸುವುದಿಲ್ಲ. ನಿಮ್ಮ ಹಿರಿಯರು ಎಲ್ಲಿಂದ ಬಂದರೆಂದು ಮಕ್ಕಳು ಮನೆಯಲ್ಲಿ ಕೇಳಬಹುದು. ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಅದನ್ನು ಶಾಲೆಗೆ ಬರೆದು ತರಬೇಕಿಲ್ಲ.

ಇನ್ನು ಬೈಲಕುಪ್ಪೆ. ಮೈಸೂರಿನಿಂದ ಸುಮಾರು 80 ಕಿ.ಮೀ. ಹೆಚ್ಚಿನವರು ಅಲ್ಲಿನ ಬೌದ್ಧ ಮಠದ ಗೋಲ್ಡನ್ ಟೆಂಪಲ್ ಮುಂದೆ ಫೋಟೊ ತೆಗೆದು ಕುಶಾಲನಗರಕ್ಕೆ ಊಟಕ್ಕೆ ಹೊರಟುಬಿಡುತ್ತಾರೆ. ನಾವು ಮೊದಲು ಕ್ಯಾಂಪುಗಳ ಹೊಲದ ದಾರಿಯಲ್ಲಿ ನಡೆದು, ಕೊನೆಗೆ ದೇವಸ್ಥಾನಕ್ಕೆ ಹೋಗುತ್ತೇವೆ. ಸಮವಸ್ತ್ರ, ಸುಲಭವಾಗಿ ಬಿಚ್ಚುವ ಚಪ್ಪಲಿ, ನೀರು, ಬುತ್ತಿ ಇರಲಿ, ಫೋನ್ ಬೇಡ. ಭಿಕ್ಷುಗಳ ಫೋಟೊ ಕೇಳದೆ ತೆಗೆಯಬಾರದು. "ನೀವು ಯಾವಾಗ ವಾಪಸ್ ಹೋಗ್ತೀರಿ?" ಎಂದು ಅಲ್ಲಿಯವರನ್ನು ಕೇಳಬಾರದೆಂದು ನೀವೂ ಒಮ್ಮೆ ಹೇಳಿ ಕಳಿಸಿ. ಅಲ್ಲೇ ಹುಟ್ಟಿ ಬೆಳೆದವರಿಗೆ ಆ ಪ್ರಶ್ನೆ ಚುಚ್ಚುತ್ತದೆ.

ಒಪ್ಪಿಗೆ ಚೀಟಿಗೆ ಸಹಿ ಮಾಡಿ ಗುರುವಾರದೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಿ. ಕಳಿಸಲು ಮನಸ್ಸಿಲ್ಲದಿದ್ದರೆ ಕಾರಣ ಬರೆಯಬೇಕಿಲ್ಲ. ಆ ಮಕ್ಕಳು ಶಾಲೆಯಲ್ಲೇ ನಕ್ಷೆಯ ಕೆಲಸ ಮುಂದುವರಿಸುತ್ತಾರೆ, ಅಂಕ ಕಡಿಮೆಯಾಗುವುದಿಲ್ಲ.

ಇಂತಿ,
ಮುಖ್ಯ ಶಿಕ್ಷಕರು