ಕೆಪಾಸಿಟರ್ ಇಲ್ಲದ ಡ್ರೈವ್ ಕಟ್ಟಲು ಹೊರಟ ಸುಮಾಳಿಗೆ

ಉದ್ಯಮಬಾಗ, ಬೆಳಗಾವಿ

ಚಿ. ಸುಮಾಳಿಗೆ ನಿನ್ನ ಮಾಮಾ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಆರಾಮ ಇದ್ದೇವೆ.

ನೀನು ಕಳಿಸಿದ ಪ್ರಾಜೆಕ್ಟಿನ ಬರಹ ಓದಿದೆ. ಮ್ಯಾಟ್ರಿಕ್ಸ್ ಕನ್ವರ್ಟರ್ ಕಟ್ಟಿ, ನಡುವೆ ಡಿಸಿ ಮಾಡದೆ, ನೇರ ಎಸಿಯಿಂದ ಎಸಿಗೆ ಹೋಗಿ ಮೋಟಾರಿನ ವೇಗ ಬದಲಿಸುತ್ತೇನೆ ಎಂದು ಬರೆದಿದ್ದೀಯ. ವಿಷಯ ಚೆನ್ನಾಗಿದೆ. ಆದರೆ ಆ ಮೋಟಾರು ಏನನ್ನು ತಿರುಗಿಸುತ್ತದೆ ಎಂಬ ಮಾತು ಎಲ್ಲೂ ಇಲ್ಲವಲ್ಲ? ಮೊದಲು ಅದನ್ನು ಗಟ್ಟಿ ಮಾಡಿಕೋ.

ಪಂಪು, ಫ್ಯಾನು ಆದರೆ ಈ ಉಸಾಬರಿ ಬೇಡವೇ ಬೇಡ. ಮಾಮೂಲಿ ವಿಎಫ್‌ಡಿ ಸಾಕು, ಅಂದರೆ ಎಸಿಯನ್ನು ಡಿಸಿ ಮಾಡಿ, ದೊಡ್ಡ ಕೆಪಾಸಿಟರಿನಲ್ಲಿ ಹಿಡಿದು, ಮತ್ತೆ ಬೇಕಾದ ಫ್ರೀಕ್ವೆನ್ಸಿಯ ಎಸಿ ಮಾಡುವ ಡ್ರೈವ್. ಅಗ್ಗ, ಕೆಟ್ಟರೆ ರಿಪೇರಿಗೆ ಜನ ಸಿಗುತ್ತಾರೆ. ಅದರ ಕೊರತೆ ಬೇರೆ ಕಡೆ ಇದೆ. ಮುಂದಿರುವ ಡಯೋಡ್ ಬ್ರಿಡ್ಜ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಮೋಟಾರಿಗೆ ಬ್ರೇಕ್ ಹಾಕಿದಾಗ ಬರುವ ಶಕ್ತಿ ಲೈನಿಗೆ ವಾಪಸ್ ಹೋಗಲಾರದೆ ರೆಸಿಸ್ಟರಿನಲ್ಲಿ ಸುಮ್ನೆ ಶಾಖವಾಗಿ ಹೋಗುತ್ತದೆ.

ಈಗ ನಮ್ಮ ಕಡೆಯ ಸಕ್ಕರೆ ಕಾರ್ಖಾನೆಯ ಬ್ಯಾಚ್ ಸೆಂಟ್ರಿಫ್ಯೂಗಲ್ ನೋಡು. ನಿಧಾನ ತಿರುಗುವಾಗ ಅದರ ಬುಟ್ಟಿಗೆ ಸಕ್ಕರೆಯ ಪಾಕ ತುಂಬುತ್ತಾರೆ. ನಿಮಿಷಕ್ಕೆ ಸಾವಿರ ಸುತ್ತಿನ ಮೇಲೆ ಒಯ್ದು ಕಾಕಂಬಿ ಹೊರಗೆ ಹಾಕುತ್ತಾರೆ. ಆಮೇಲೆ ಬ್ರೇಕ್ ಹಾಕಿ, ಸಕ್ಕರೆ ಕೆರೆದು ಕೆಳಗೆ ಬಿಡುತ್ತಾರೆ. ಕೆಲವು ನಿಮಿಷಕ್ಕೊಮ್ಮೆ ಇದೇ ಕೆಲಸ, ಹಂಗಾಮು ಮುಗಿಯುವ ತನಕ ಹಗಲೂ ರಾತ್ರಿ. ವೇಗ ಎರಡು ಪಟ್ಟಾದರೆ ಬುಟ್ಟಿಯಲ್ಲಿ ಕೂತ ಶಕ್ತಿ ನಾಲ್ಕು ಪಟ್ಟು. ಪ್ರತಿ ಸಲವೂ ಅದನ್ನು ಸುಡುವುದು ಲುಕ್ಸಾನು. ಮ್ಯಾಟ್ರಿಕ್ಸ್ ಕನ್ವರ್ಟರ್ ಅದನ್ನು ತಾನಾಗಿಯೇ ಲೈನಿಗೆ ಮರಳಿಸುತ್ತದೆ, ಬೇರೆ ಸಾಮಾನು ಬೇಕಿಲ್ಲ. ನನ್ನ ಕೇಳಿದರೆ ನಿನ್ನ ಲೋಡ್ ಇದೇ ಆಗಲಿ. ಲ್ಯಾಬಿನಲ್ಲಿ ಮೋಟಾರಿನ ಶಾಫ್ಟಿಗೆ ಒಂದು ಭಾರದ ಚಕ್ರ ಕೂರಿಸಿದರೂ ನಡೆಯುತ್ತದೆ.

ಇನ್ನೊಂದು ಲಾಭ, ದೊಡ್ಡ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಇಲ್ಲದಿರುವುದು. ಬಿಸಿ 10 ಡಿಗ್ರಿ ಏರಿದರೆ ಅದರ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬಾಗಲಕೋಟೆಯ ಬೇಸಿಗೆಯಲ್ಲಿ ಮುಚ್ಚಿದ ಪ್ಯಾನೆಲ್ ಒಳಗೆ ಅದರ ಗತಿ ಏನು, ನೀನೇ ಊಹಿಸು.

ನೇರ ಎಸಿಯಿಂದ ಎಸಿ ಮಾಡುವ ಇನ್ನೊಂದು ಬಗೆ ಸೈಕ್ಲೋಕನ್ವರ್ಟರ್, ಅದರ ಕಡೆ ಹೋಗಬೇಡ. ಅದು ಥೈರಿಸ್ಟರ್ ಎಂಬ ಸ್ವಿಚ್ಚಿನದು, ದೊಡ್ಡ ಸಿಮೆಂಟ್ ಗಿರಣಿಯಂಥ ನಿಧಾನದ ಭಾರೀ ಮೋಟಾರಿಗೆ ಸರಿ. 50 ಹರ್ಟ್ಸ್ ಕೊಟ್ಟರೆ ಅದರ ಸುಮಾರು ಮೂರನೇ ಒಂದು ಭಾಗದ ತನಕ ಮಾತ್ರ ಅಲೆ ಚೊಕ್ಕ ಬರುತ್ತದೆ.

ಈಗ ವೋಲ್ಟೇಜಿನ ಲೆಕ್ಕ. ವೆಂಚುರಿನಿ, ಅಲೆಸಿನಾ ಎಂಬ ಇಬ್ಬರು ಸಂಶೋಧಕರು 1980ರಲ್ಲಿ ತೋರಿಸಿದ ಮೊದಲ ವಿಧಾನದಲ್ಲಿ ಔಟ್‌ಪುಟ್ ಇನ್‌ಪುಟ್ಟಿನ ಅರ್ಧ ಮಾತ್ರ. 1989ರಲ್ಲಿ ಮೂರನೇ ಹಾರ್ಮೋನಿಕ್, ಅಂದರೆ ಮೂರು ಪಟ್ಟು ಫ್ರೀಕ್ವೆನ್ಸಿಯ ಅಲೆ, ಸೇರಿಸಿ 0.866ಕ್ಕೆ ಏರಿಸಿದರು. ಅದರ ಮೇಲೆ ಏರಿಸಲು ಹೋದರೆ ಅಲೆ ಕೆಡುತ್ತದೆ. ಅಂದರೆ 415 ವೋಲ್ಟಿಗೆ 359. ವೋಲ್ಟೇಜ್ ಮತ್ತು ಫ್ರೀಕ್ವೆನ್ಸಿ ಜೊತೆಯಲ್ಲೇ ಏರಬೇಕು, ಅಲ್ವಾ? ಹಾಗಾಗಿ 415 ವೋಲ್ಟಿನ ಮೋಟಾರು 43 ಹರ್ಟ್ಸ್ ತನಕ ಪೂರ್ತಿ ಟಾರ್ಕ್ ಕೊಡುತ್ತದೆ, ಆಮೇಲೆ ಸೊರಗುತ್ತದೆ. ಇದಕ್ಕೊಂದು ಉಪಾಯವಿದೆ. ಸ್ಟಾರ್‌ನಲ್ಲಿ 415ಕ್ಕೆ ಮಾಡಿದ ಸಣ್ಣ ಮೋಟಾರು, ಆರೂ ತುದಿ ಹೊರಗಿರುವಂಥದ್ದು ತಗೊ. ಡೆಲ್ಟಾ ಮಾಡಿದರೆ ಅದಕ್ಕೆ 240 ವೋಲ್ಟ್ ಸಾಕು. ಆದರೆ ಲೈನ್ ಕರೆಂಟ್ 1.73 ಪಟ್ಟು ಆಗುತ್ತದೆ. ಐಜಿಬಿಟಿ, ಅಂದರೆ ಕರೆಂಟನ್ನು ಬಿಟ್ಟು ತಡೆಯುವ ಟ್ರಾನ್ಸಿಸ್ಟರ್, ಯಾವುದು ಬೇಕೆಂದು ಗೊತ್ತುಮಾಡುವ ಮುಂಚೆ ಇದನ್ನು ಲೆಕ್ಕಕ್ಕೆ ಹಿಡಿ.

ಇಷ್ಟು ಎಲ್ಲರೂ ಮಾಡುತ್ತಾರೆ. ಬೋರ್ಡ್ ಸುಡುವುದು ಮುಂದಿನ ಹಂತದಲ್ಲಿ, ಕರೆಂಟನ್ನು ಒಂದು ಸ್ವಿಚ್ಚಿನಿಂದ ಇನ್ನೊಂದಕ್ಕೆ ದಾಟಿಸುವಾಗ. ನಿನ್ನ ಹತ್ತಿರ ಒಂಬತ್ತು ಸ್ವಿಚ್ ಇವೆ, ಒಂದೊಂದರಲ್ಲೂ ಎರಡು ಐಜಿಬಿಟಿ, ಎರಡು ಡಯೋಡ್. ಎರಡು ಇನ್‌ಪುಟ್ ಫೇಸ್‌ಗಳು ಒಂದು ಕ್ಷಣವೂ ಕೂಡಬಾರದು, ಕೂಡಿದರೆ ಶಾರ್ಟ್. ಮೋಟಾರಿನ ಕರೆಂಟಿನ ದಾರಿ ಒಂದು ಕ್ಷಣವೂ ಕಡಿಯಬಾರದು, ಕಡಿದರೆ ವೈಂಡಿಂಗು ಎಬ್ಬಿಸುವ ವೋಲ್ಟೇಜಿಗೆ ಐಜಿಬಿಟಿ ಒಡೆಯುತ್ತದೆ. ವಿಎಫ್‌ಡಿಯಲ್ಲಿ ಆ ದಾರಿಯನ್ನು ಡಯೋಡ್‌ಗಳು ಕಾಯುತ್ತವೆ. ಇಲ್ಲಿ ಕಾಯುವವರು ಯಾರೂ ಇಲ್ಲ. ಅದಕ್ಕೇ ನಾಲ್ಕು ಹೆಜ್ಜೆ. ಬಿಡುವ ಸ್ವಿಚ್ಚಿನಲ್ಲಿ ಕರೆಂಟ್ ಇಲ್ಲದ ಐಜಿಬಿಟಿಯನ್ನು ಮೊದಲು ಆರಿಸು, ಅಂದರೆ ಆಫ್ ಮಾಡು. ಹಿಡಿಯುವ ಸ್ವಿಚ್ಚಿನಲ್ಲಿ ಕರೆಂಟ್ ಹೋಗಬೇಕಾದ ಐಜಿಬಿಟಿಯನ್ನು ಹೊತ್ತಿಸು. ಆಮೇಲೆ ಹಳೆಯದರಲ್ಲಿ ಉಳಿದದ್ದನ್ನು ಆರಿಸು, ಕೊನೆಗೆ ಹೊಸದರಲ್ಲಿ ಉಳಿದದ್ದನ್ನು ಹೊತ್ತಿಸು. ಎಲ್ಲ ಕೆಲವೇ ಮೈಕ್ರೋಸೆಕೆಂಡಿನಲ್ಲಿ. ಈ ಕೆಲಸವನ್ನು ಪ್ರೋಗ್ರಾಮಿಗೆ ಬಿಡಬೇಡ, ಎಫ್‌ಪಿಜಿಎಗೆ, ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಜೋಡಿಸಿಕೊಳ್ಳುವ ಚಿಪ್ಪಿಗೆ, ಕೊಡು.

ಕರೆಂಟ್ ಯಾವ ದಿಕ್ಕಿಗಿದೆ ಎಂದು ಗೊತ್ತಿದ್ದರೆ ಮಾತ್ರ ಇದೆಲ್ಲ ನಡೆಯುತ್ತದೆ. ಕರೆಂಟ್ ಸೊನ್ನೆಯ ಹತ್ತಿರ ಇದ್ದಾಗ ಅದನ್ನು ಅಳೆಯುವ ಹಾಲ್ ಸೆನ್ಸರ್ ಮಾತು ನಂಬಬೇಡ, ಗದ್ದಲದಲ್ಲಿ ಪ್ಲಸ್ಸೋ ಮೈನಸ್ಸೋ ತಿಳಿಯುವುದಿಲ್ಲ. ಐಜಿಬಿಟಿಯ ಮೇಲಿನ ವೋಲ್ಟೇಜ್ ನೋಡಿ ದಿಕ್ಕು ಹಿಡಿಯುವ ವಿಧಾನವಿದೆ, ಅದನ್ನು ಓದಿಕೋ. ನಿನ್ನ ಬರಹದಲ್ಲಿ ಮಾಡ್ಯುಲೇಷನ್‌ಗೆ, ಅಂದರೆ ಯಾವ ಸ್ವಿಚ್ ಎಷ್ಟು ಹೊತ್ತು ಎಂಬ ಲೆಕ್ಕಕ್ಕೆ, ಎಷ್ಟು ಪುಟ! ಇದಕ್ಕೆ ಒಂದೇ ಸಾಲು. ತಿರುಗುಮುರುಗು ಆಗಬೇಕಿತ್ತು ನೋಡವ್ವ.

ಏನೇ ಮಾಡಿದರೂ ಟ್ರಿಪ್ ಆದಾಗ ಎಲ್ಲ ಸ್ವಿಚ್ ಒಮ್ಮೆಲೇ ಆರುತ್ತವೆ. ಆಗ ಏಳುವ ವೋಲ್ಟೇಜನ್ನು ಹಿಡಿಯಲು ಕ್ಲ್ಯಾಂಪ್ ಬೇಕು, ಹನ್ನೆರಡು ವೇಗದ ಡಯೋಡ್, ಒಂದು ಕೆಪಾಸಿಟರ್. ಕೆಪಾಸಿಟರ್ ಇಲ್ಲದ ಡ್ರೈವಿಗೂ ಒಂದು ಕೆಪಾಸಿಟರ್ ಬಂತು! ಇರಲಿ, ಸಣ್ಣದು. ಇನ್‌ಪುಟ್ ಫಿಲ್ಟರಿಗೆ ಇನ್ನೂ ಮೂರು. ಫಿಲ್ಟರಿನ ಕಾಯಿಲ್‌ಗೆ ಪಕ್ಕದಲ್ಲಿ ಒಂದು ರೆಸಿಸ್ಟರ್ ಹಾಕದೆ ಸ್ವಿಚ್ ಒತ್ತಬೇಡ. ಒತ್ತಿದ ಕ್ಷಣ ವೋಲ್ಟೇಜ್ ಎರಡು ಪಟ್ಟಿನ ಹತ್ತಿರ ಹಾರಬಹುದು.

ಲೈನು ಕಣ್ಣು ಮಿಟುಕಿಸಿದರೆ ವಿಎಫ್‌ಡಿಯನ್ನು ಅದರ ಕೆಪಾಸಿಟರ್ ಸ್ವಲ್ಪ ಹೊತ್ತು ನಡೆಸುತ್ತದೆ, ನಿನ್ನದು ಅಲ್ಲೇ ನಿಲ್ಲುತ್ತದೆ. ತಿರುಗುವ ಚಕ್ರದಿಂದಲೇ ಕಂಟ್ರೋಲ್ ಬೋರ್ಡಿಗೆ ಕರೆಂಟ್ ಕೊಟ್ಟು ಎಚ್ಚರ ಇಡಬಹುದು. ಇದು ಎರಡನೇ ಸುತ್ತಿಗೆ ಇರಲಿ.

ಐಜಿಬಿಟಿಗಳನ್ನು ಹೊತ್ತಿಸಿ ಆರಿಸುವ ಗೇಟ್ ಡ್ರೈವರಿಗೆ ಬೇರೆ ಬೇರೆ ಸಪ್ಲೈ ಬೇಕಲ್ಲ, ಸ್ವಿಚ್ಚಿನ ಎರಡು ಐಜಿಬಿಟಿಗಳ ಎಮಿಟರ್ ತುದಿ ಕೂಡಿಸಿ ಕಾಮನ್ ಎಮಿಟರ್ ಕಟ್ಟಿದರೆ ಒಂಬತ್ತು, ಕಲೆಕ್ಟರ್ ತುದಿ ಕೂಡಿಸಿ ಕಾಮನ್ ಕಲೆಕ್ಟರ್ ಆದರೆ ಆರು. ನಾನಾದರೆ ಮೊದಲ ಬೋರ್ಡಿಗೆ ಕಾಮನ್ ಎಮಿಟರನ್ನೇ ಹಿಡಿಯುತ್ತೇನೆ, ವೈರಿಂಗ್ ಹುಡುಕಾಟ ಸುಲಭ. ವೋಲ್ಟೇಜ್ ಏರಿಸಿ ಇಳಿಸುವ ಡಿಮ್ಮರ್‌ಸ್ಟಾಟ್ ಇಟ್ಟು 30 ವೋಲ್ಟಿನಿಂದ ಶುರು ಮಾಡು, ಒಂದೊಂದು ಫೇಸಿಗೂ ಸೀರೀಸ್‌ನಲ್ಲಿ ಬಲ್ಬ್ ಹಾಕು. ಮೋಟಾರು ಆಮೇಲೆ, ಮೊದಲು ರೆಸಿಸ್ಟರ್ ಮತ್ತು ಕಾಯಿಲ್. ಸ್ಕೋಪಿನಲ್ಲಿ ನಾಲ್ಕು ಗೇಟ್ ಸಿಗ್ನಲ್ ಒಟ್ಟಿಗೆ ನೋಡಿ, ಕರೆಂಟಿನ ಎರಡೂ ದಿಕ್ಕಿನ ಫೋಟೋ ನನಗೆ ವಾಟ್ಸಾಪ್ ಮಾಡು. ಅದನ್ನು ನೋಡುವ ತನಕ 415ಕ್ಕೆ ಹೋಗಬೇಡ.

ಹಳೆಯ ಎರಡು ಎಚ್‌ಪಿ ಮೋಟಾರು ಇಲ್ಲಿದೆ, ಆರು ತುದಿಯದು. ಬೇರಿಂಗ್ ಬದಲಿಸಿ ಇಟ್ಟಿದ್ದೇನೆ. ಮುಂದಿನ ವಾರ ನಿಮ್ಮ ಅಪ್ಪ ಈ ಕಡೆ ಬಂದಾಗ ಗಾಡಿಯಲ್ಲಿ ಹಾಕಿ ಕಳಿಸುತ್ತೇನೆ.

ಇಂತಿ ನಿನ್ನ
ಮಾಮಾ