ಸೀಲ್ ಒಡೆದವರು ನೀವು, ವಾಪಸ್ ಇಲ್ಲ ಅಂದವರೂ ನೀವೇ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಬಿಚ್ಚಿದ ಗೇಮನ್ನು ಹೊಸದೆಂದು ಮಾರಿ, ಆಮೇಲೆ ವಾಪಸ್ ತೆಗೆದುಕೊಳ್ಳದ ಬಗ್ಗೆ ದೂರು

ಮಾನ್ಯರೇ,

ಹೋದ ಶನಿವಾರ ಸಂಜೆ ನಿಮ್ಮ ಅಂಗಡಿಯಲ್ಲಿ ಒಂದು ಪ್ಲೇಸ್ಟೇಷನ್ 5 (ಸೋನಿಯ ವಿಡಿಯೋ ಗೇಮ್ ಯಂತ್ರ) ಗೇಮ್ ಕೊಂಡೆ. ಅಕ್ಕನ ಮಗನಿಗೆ ಹನ್ನೆರಡು ತುಂಬಿತ್ತು, ಅವನಿಗೆ ಕೊಡಲು. ಬಿಲ್ಲಿನಲ್ಲಿ 'ಹೊಸದು' ಎಂದೇ ಇದೆ. ದುಡ್ಡೂ ಹೊಸದರದ್ದೇ ಕೊಟ್ಟಿದ್ದೇನೆ. ಬಿಲ್ಲಿನ ಪ್ರತಿ ಮತ್ತು ಡಿಸ್ಕಿನ ಮೂರು ಫೋಟೋ ಈ ಪತ್ರದ ಜೊತೆಗಿವೆ.

ನಡೆದದ್ದು ಇಷ್ಟು. ಶೆಲ್ಫಿನಿಂದ ಡಬ್ಬಿ ತೆಗೆದುಕೊಂಡು ಕೌಂಟರಿಗೆ ಬಂದೆ. ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರಲಿಲ್ಲ. ಅಲ್ಲಿದ್ದ ಹುಡುಗ ಡಬ್ಬಿ ಇಸ್ಕೊಂಡು, ಬಗ್ಗಿ, ಕೆಳಗಿನ ಡ್ರಾಯರ್ ಎಳೆದ. ಕಾಗದದ ಲಕೋಟೆಗಳ ಸಾಲಿನಲ್ಲಿ ಬೆರಳಾಡಿಸಿ ಒಂದು ಡಿಸ್ಕ್ ತೆಗೆದ. ಟಕ್ ಅಂತ ಡಬ್ಬಿಯೊಳಗೆ ಕೂರಿಸಿದ. ಡಬ್ಬಿಯ ಬಾಯಿಗೆ ಒಂದು ದುಂಡನೆ ಸ್ಟಿಕ್ಕರ್ ಅಂಟಿಸಿದ. ನಾನು ಹುಬ್ಬೇರಿಸಿದ್ದು ನೋಡಿ, "ಹೊಸದೇ ಸರ್, ಡಿಸ್ಪ್ಲೇಗೆ ಅಂತ ಬಿಚ್ಚಿದ್ದು ಅಷ್ಟೇ" ಅಂದ. ಹಿಂದೆ ನಾಲ್ಕು ಜನ ನಿಂತಿದ್ದರು. ಸರಿ ಅಂತ ತಗೊಂಡು ಬಂದೆ.

ಇದರಲ್ಲಿ ನನ್ನ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಹಳೆಯ ಗೇಮ್ ಕೊಳ್ಳುವಾಗ ನಾನು ಡಿಸ್ಕನ್ನು ಲೈಟಿನ ಕೆಳಗೆ ಹಿಡಿದು, ಆ ಕಡೆ ಈ ಕಡೆ ವಾಲಿಸಿ, ಗೀರು ಎಣಿಸದೆ ದುಡ್ಡು ಕೊಡುವವನಲ್ಲ. 'ಹೊಸದು' ಅನ್ನೋ ಪದ ಕಿವಿಗೆ ಬಿದ್ದ ಕೂಡಲೇ ಕೈ ಸುಮ್ಮನಾಯಿತು.

ಅಕ್ಕನ ಮಗ ಮನೆಯಲ್ಲಿ ಡಬ್ಬಿ ತೆರೆದು ಮೊದಲು ಮೂಸಿದ. ಹೊಸ ಡಬ್ಬಿಗೆ ಒಂದು ವಾಸನೆ ಇರುತ್ತದಲ್ಲ, ಅದಕ್ಕೆ. ವಾಸನೆ ಇರಲಿಲ್ಲ. ಡಿಸ್ಕ್ ತಿರುಗಿಸಿದರೆ ಅಂಚಿನಲ್ಲಿ ಹೆಬ್ಬೆಟ್ಟಿನ ಗುರುತು, ಗೆರೆಗೆರೆಯಾಗಿ, ಒತ್ತಿದ ಹಾಗೇ ಇತ್ತು. ಒಳಸುತ್ತಿನ ಹತ್ತಿರ ಕೂದಲೆಳೆಯಂಥ ಮೂರು ಗೀರು. ಡಬ್ಬಿಯೊಳಗೆ ಒಂದು ಚೀಟಿ ಇತ್ತು, ಹೊಸ ಪ್ರತಿ ಕೊಂಡವರಿಗೆ ಸಿಗುವ ಹೆಚ್ಚುವರಿ ಪೋಷಾಕು, ಆಯುಧದ ಕೋಡ್. ಹನ್ನೆರಡು ಅಕ್ಷರ. ಅವನು ಮೂರು ಸಲ ಒತ್ತಿದ. ಮೂರು ಸಲವೂ ಪರದೆ ಒಂದೇ ಮಾತು ಹೇಳಿತು: ಈ ಕೋಡ್ ಆಗಲೇ ಬಳಕೆಯಾಗಿದೆ.

"ಮಾಮ, ಸೆಕೆಂಡ್ ಹ್ಯಾಂಡ್ ತಂದ್ಯಾ?" ಅಂದ. ಅಕ್ಕ ನನ್ನ ಮುಖ ನೋಡಿದಳು. ಕಂಜೂಸ್ ಅಂತ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಡಿಸ್ಪ್ಲೇಗೆ ಅಂತ ಬಿಚ್ಚಿದ ಡಬ್ಬಿಯ ಕೋಡ್ ತಾನಾಗಿ ಖರ್ಚಾಗುವುದಿಲ್ಲ. ಯಾರೋ ಒಬ್ಬರು ಅದನ್ನು ತಮ್ಮ ಖಾತೆಗೆ ಹಾಕಿಕೊಂಡಿದ್ದಾರೆ. ನಿಮ್ಮ ಸಿಬ್ಬಂದಿ ಮನೆಗೆ ಒಯ್ದು ಆಡಿದ ಪ್ರತಿಯೋ, ಬೇರೆ ಗಿರಾಕಿ ವಾಪಸ್ ಕೊಟ್ಟಿದ್ದೋ, ನೀವೇ ಹುಡುಕಿ ಹೇಳಬೇಕು. ಎರಡರಲ್ಲಿ ಯಾವುದಾದರೂ ಅದು ಹೊಸದಲ್ಲ.

ಮರುದಿನ ಭಾನುವಾರ, ಅಂಗಡಿ ತೆರೆಯುವ ಹೊತ್ತಿಗೇ ಹೋದೆ. ಅದೇ ಹುಡುಗ ಇದ್ದ. ಬಿಲ್ ನೋಡಿ, ತಲೆಯ ಮೇಲಿನ ಬೋರ್ಡ್ ತೋರಿಸಿದ. 'ಬಿಚ್ಚಿದ ಗೇಮ್ ವಾಪಸ್ ತೆಗೆದುಕೊಳ್ಳುವುದಿಲ್ಲ.' ಬಿಚ್ಚಿದ್ದು ನೀವೇ ಅಲ್ವಾ ಅಂದೆ. "ಹೌದು ಸರ್, ಆದ್ರೆ ಸಿಸ್ಟಮ್‌ನಲ್ಲಿ ಹಾಗೆ ಎಂಟ್ರಿ ಮಾಡಕ್ಕೆ ಬರಲ್ಲ" ಅಂದ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನೆ ನಿಂತೆವು. ಆಮೇಲೆ ಅವನೇ ದನಿ ತಗ್ಗಿಸಿ, "ಬೇಕಿದ್ರೆ ಹಳೇದು ಅಂತ ಎಕ್ಸ್‌ಚೇಂಜ್‌ಗೆ ತಗೋತೀನಿ ಸರ್" ಅಂದ. ಕಂಪ್ಯೂಟರ್ ತೋರಿಸಿದ ಮೊತ್ತ ನಾನು ಕೊಟ್ಟಿದ್ದರ ಅರ್ಧಕ್ಕಿಂತ ಕಡಿಮೆ.

ಸ್ವಲ್ಪ ಯೋಚನೆ ಮಾಡಿ ನೋಡಿ. ಯಾರೋ ಆಡಿ, ಕೋಡ್ ಬಳಸಿ, ಹೆಬ್ಬೆಟ್ಟು ಒತ್ತಿ ಡ್ರಾಯರಿನಲ್ಲಿ ಇಟ್ಟ ಡಿಸ್ಕ್ ಶನಿವಾರ ಸಂಜೆ ಹೊಸದು. ನನ್ನ ಮನೆಯಲ್ಲಿ ಒಂದು ರಾತ್ರಿ ಕಳೆದು ಬಂದ ಅದೇ ಡಿಸ್ಕ್ ಭಾನುವಾರ ಬೆಳಿಗ್ಗೆ ಹಳೆಯದು. ನಿಮ್ಮ ಅಂಗಡಿಯಲ್ಲಿ ಹೊಸದು, ಹಳೆಯದು ಅನ್ನುವುದು ಡಿಸ್ಕಿಗೆ ಸಂಬಂಧಪಟ್ಟ ಮಾತೇ ಅಲ್ಲ. ಕೌಂಟರಿನ ಯಾವ ಕಡೆ ನಿಂತಿದ್ದೀವಿ ಅನ್ನುವುದರ ಮೇಲೆ ಹೋಗುತ್ತದೆ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬೋರ್ಡ್ ಬರೆಸಿದ್ದು ಅವನಲ್ಲ, ಸಿಸ್ಟಮ್ ಮಾಡಿಸಿದ್ದೂ ಅವನಲ್ಲ. ದಯವಿಟ್ಟು ಈ ಪತ್ರ ಓದಿ ಅವನನ್ನು ಕರೆದು ಬೈಯಬೇಡಿ.

ಡಬ್ಬಿ ಯಾಕೆ ಬಿಚ್ಚುತ್ತೀರಿ ಅಂತ ನನಗೆ ಗೊತ್ತು. ತುಂಬಿದ ಡಬ್ಬಿ ಶೆಲ್ಫಿನಲ್ಲಿಟ್ಟರೆ ಕಳ್ಳತನ ಆಗುತ್ತದೆ. ಹಾಗಂತ ಡಿಸ್ಕ್ ತೆಗೆದು ಒಳಗಿಟ್ಟು, ಬರೀ ಡಬ್ಬಿ ಹೊರಗೆ ಇಡುತ್ತೀರಿ. ಅದು ನಿಮ್ಮ ಕಷ್ಟ, ನಿಜ. ಆದರೆ ಕವರಿನ ಕಲರ್ ಪ್ರಿಂಟ್ ಹಾಕಿದ ಖಾಲಿ ಡಬ್ಬಿ ಇಟ್ಟರೂ ಕೆಲಸ ನಡೆಯುತ್ತದೆ. ಬಿಚ್ಚಿದ ಪ್ರತಿಯೊಂದೇ ಉಳಿದಿದ್ದರೆ, ಬಿಲ್ ಮಾಡುವ ಮೊದಲು ಹೇಳಿ, ಬೆಲೆ ಇಳಿಸಿ. ಬೇಕಾದವರು ಖುಷಿಯಿಂದ ಒಯ್ಯುತ್ತಾರೆ. ನಾನೇ ಒಯ್ಯುತ್ತಿದ್ದೆ, ಉಡುಗೊರೆ ಅಲ್ಲದೇ ಹೋಗಿದ್ದರೆ.

ಈಗ ನೀವು ಕೇಳಬಹುದು, ಇಷ್ಟೆಲ್ಲ ತಲೆನೋವು ಯಾಕೆ, ಡೌನ್‌ಲೋಡ್ ಮಾಡಿಕೊಳ್ಳಬಹುದಲ್ಲ ಅಂತ. ಮಾಡಿಕೊಳ್ಳಬಹುದು. ಮನೆಯಿಂದ ಹೊರಗೆ ಕಾಲಿಡದೆ ರಾತ್ರಿ ಹನ್ನೆರಡಕ್ಕೆ ಹೊಸ ಗೇಮ್ ಆಡಬಹುದು. 2020ರಲ್ಲಿ ಪ್ಲೇಸ್ಟೇಷನ್ 5 ಬಂದಾಗ ಡಿಸ್ಕ್ ಡ್ರೈವ್ ಇಲ್ಲದ ಮಾದರಿಯೂ ಜೊತೆಗೇ ಬಂತು, ಸ್ವಲ್ಪ ಅಗ್ಗಕ್ಕೆ. ನಾನು ಜಾಸ್ತಿ ದುಡ್ಡು ಕೊಟ್ಟು ಡ್ರೈವ್ ಇರುವುದನ್ನೇ ತಗೊಂಡೆ. ನಿಮ್ಮಂಥ ಅಂಗಡಿಗೆ ಬರಬೇಕು ಅಂತಲೇ ಕೊಟ್ಟ ದುಡ್ಡು ಅದು.

ಅಂಗಡಿಗೆ ಬಂದರೆ ನಾನು ಬೇಗ ಹೋಗುವವನಲ್ಲ. ಮೊದಲು ಹಳೆಯ ಗೇಮ್‌ಗಳ ಬುಟ್ಟಿ. ಅದರಲ್ಲಿ ಮೂರು ವರ್ಷದ ಹಿಂದಿನ ಫುಟ್‌ಬಾಲ್ ಗೇಮ್‌ಗಳೇ ಅರ್ಧ ಇರುತ್ತವೆ, ಆದರೂ ಒಂದೊಂದನ್ನೇ ಸರಿಸಿ ನೋಡುತ್ತೇನೆ. ಯಾವಾಗಲೋ ಒಮ್ಮೆ, ಹೆಸರೇ ಕೇಳಿರದ ಒಂದು ಗೇಮ್ ಕೈಗೆ ಸಿಗುತ್ತದೆ. ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಚಿತ್ರಗಳನ್ನು ನೋಡುತ್ತೇನೆ. ಎಷ್ಟು ಜನ ಒಟ್ಟಿಗೆ ಆಡಬಹುದು, ಎಷ್ಟು ಜಾಗ ಬೇಕು, ಓದುತ್ತೇನೆ. ಪಕ್ಕದಲ್ಲಿ ನಿಂತ ಅಪರಿಚಿತ ಹುಡುಗ "ಅದು ಚೆನ್ನಾಗಿದೆ ಅಣ್ಣ, ಮೊದಲ ಎರಡು ಗಂಟೆ ಬೋರು, ಆಮೇಲೆ ಸಕ್ಕತ್" ಅನ್ನುತ್ತಾನೆ. ನನಗೆ ತುಂಬಾ ಇಷ್ಟವಾದ ಗೇಮ್‌ಗಳಲ್ಲಿ ಎರಡು ಹೀಗೇ ಸಿಕ್ಕಿದ್ದು. ಮನೆಯ ಪರದೆ ನಾನು ನಿನ್ನೆ ಆಡಿದ್ದರ ಅಣ್ಣ ತಮ್ಮಂದಿರನ್ನೇ ತೋರಿಸುತ್ತದೆ. ಬುಟ್ಟಿಗೆ ನಾನು ಯಾರು ಅಂತ ಗೊತ್ತಿಲ್ಲ, ಅದೇ ಅದರ ಚೆಂದ.

ಆಡಿ ಮುಗಿಸಿದ ಮೇಲೆ ಇನ್ನೊಬ್ಬರಿಗೆ ಕೊಡಬಹುದು ಅನ್ನುವುದು ಇನ್ನೊಂದು ಕಾರಣ. 2013ರ ಜೂನ್ ನೆನಪಿದೆಯಾ? ತನ್ನ ಹೊಸ ಗೇಮ್ ಯಂತ್ರ ಎಕ್ಸ್‌ಬಾಕ್ಸ್ ಒನ್ ಪ್ರತಿ 24 ಗಂಟೆಗೊಮ್ಮೆ ಇಂಟರ್ನೆಟ್‌ಗೆ ಹೋಗಿ ತಪಾಸಣೆ ಮಾಡಿಸಿಕೊಳ್ಳಬೇಕು, ಹಳೆಯ ಡಿಸ್ಕ್ ಕೈ ಬದಲಾಗಲು ನಿರ್ಬಂಧ ಇರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿತ್ತು. ಅದಕ್ಕೆ ಉತ್ತರವಾಗಿ ಸೋನಿ ಒಂದು ಚಿಕ್ಕ ವಿಡಿಯೋ ಬಿಟ್ಟಿತು. ಗೇಮ್ ಹಂಚಿಕೊಳ್ಳುವುದು ಹೇಗೆ ಅಂತ. ಒಬ್ಬರು ಡಬ್ಬಿಯನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ, ಅಷ್ಟೇ, ವಿಡಿಯೋ ಮುಗಿಯಿತು. ಜನ ರೊಚ್ಚಿಗೆದ್ದಿದ್ದು ನೋಡಿ ಮೈಕ್ರೋಸಾಫ್ಟ್ ಅದೇ ತಿಂಗಳು ನಿಯಮವನ್ನೇ ಕೈಬಿಟ್ಟಿತು. ಅವತ್ತು ಗಲಾಟೆ ಮಾಡಿದವರು ಅಂಗಡಿಗೆ ಬಂದು ಡಬ್ಬಿ ಕೊಳ್ಳುವ ನನ್ನಂಥವರು. ಅದರ ಲಾಭ ನಿಮಗೂ ಸಿಕ್ಕಿದೆ. ಹಳೆಯ ಗೇಮ್‌ಗಳ ವ್ಯಾಪಾರ ಇಲ್ಲದಿದ್ದರೆ ಆ ಬುಟ್ಟಿ ಎಲ್ಲಿರುತ್ತಿತ್ತು?

ಬುಟ್ಟಿಯ ಮಾತು ಬಂದಿದ್ದಕ್ಕೆ ಎರಡನೇ ದೂರನ್ನೂ ಇಲ್ಲೇ ಸೇರಿಸುತ್ತೇನೆ. ಮೂರು ತಿಂಗಳ ಹಿಂದೆ ನಿಮ್ಮಲ್ಲಿ ಒಂದು ಹಳೆಯ ಪ್ಲೇಸ್ಟೇಷನ್ 4 ಡಿಸ್ಕ್ ಕೊಂಡಿದ್ದೆ. ಗೇಮ್ ಡಿಸ್ಕಿನಿಂದ ಯಂತ್ರಕ್ಕೆ ಕಾಪಿ ಆಗುತ್ತಾ ಆಗುತ್ತಾ ಅರ್ಧಕ್ಕೆ ನಿಂತಿತು. ತಂದು ತೋರಿಸಿದರೆ, ಪಾಲಿಶ್ ಮಾಡಿಕೊಡುತ್ತೇವೆ ಅಂದರು. ಮಾಡಿದರು. ಆಮೇಲೆ ಕಾಪಿ ಶುರುವಾಗುವುದೇ ನಿಂತುಹೋಯಿತು.

ನಿಮ್ಮ ಕೌಂಟರಿನ ಮೇಲೆ 'ಎಲ್ಲ ಡಿಸ್ಕಿನ ಗೀರೂ ತೆಗೆಯುತ್ತೇವೆ' ಅಂತ ಬರೆದಿದೆ. ಅದನ್ನು ಬರೆಸಿದವರಿಗೆ ಇದನ್ನು ಹೇಳಿ. ಸಿಡಿಯ ದಪ್ಪ 1.2 ಮಿಲಿಮೀಟರ್, ಮಾಹಿತಿ ಇರುವುದು ಮೇಲಿನ ಲೇಬಲ್ ಕಡೆ. ಕೆಳಗಿನ ಪ್ಲಾಸ್ಟಿಕ್ ತುಸು ತೇಯ್ದರೂ ನಡೆಯುತ್ತದೆ. ಡಿವಿಡಿಯಲ್ಲಿ ಮಾಹಿತಿ ನಡುಮಧ್ಯ ಇರುತ್ತದೆ, 0.6 ಮಿಲಿಮೀಟರ್ ಒಳಗೆ. ಅಲ್ಲೂ ಪಾಲಿಶ್‌ಗೆ ಜಾಗ ಇದೆ. ಪ್ಲೇಸ್ಟೇಷನ್ 3, 4, 5ರ ಡಿಸ್ಕ್ ಗೇಮ್‌ಗಳೆಲ್ಲ ಬರುವುದು ಬ್ಲೂ-ರೇ ಡಿಸ್ಕಿನಲ್ಲಿ. ಅದರಲ್ಲಿ ಮಾಹಿತಿಗೂ ಹೊರಗಿನ ಮೈಗೂ ನಡುವೆ ಇರುವುದು 0.1 ಮಿಲಿಮೀಟರ್ ಮಾತ್ರ. ಅದಕ್ಕೇ ಅದರ ಮೇಲೆ ಗಟ್ಟಿ ಲೇಪನ ಹಾಕಿರುತ್ತಾರೆ. ಆಳದ ಗೀರು ತೆಗೆಯುತ್ತೇನೆ ಅಂತ ಯಂತ್ರಕ್ಕೆ ಹಾಕಿ ತೇಯ್ದರೆ ಮೊದಲು ಆ ಲೇಪನ ಹೋಗುತ್ತದೆ, ಆಮೇಲೆ ಗೇಮೂ ಹೋಗುತ್ತದೆ. ನನ್ನ ಡಿಸ್ಕ್ ಈಗ ಕನ್ನಡಿಯಂತೆ ಫಳಫಳ ಹೊಳೆಯುತ್ತಿದೆ. ಬೇರೇನೂ ಮಾಡುತ್ತಿಲ್ಲ.

ಇನ್ನು ಬೆಲೆಯ ಸ್ಟಿಕ್ಕರ್. ಇದನ್ನು ಚಿಲ್ಲರೆ ವಿಷಯ ಅಂದುಕೊಂಡಿದ್ದೆ, ಹೋದ ತಿಂಗಳವರೆಗೆ. ಕಿತ್ತರೆ ಅರ್ಧ ಬರುತ್ತದೆ, ಉಳಿದರ್ಧ ಅಂಟು ಅಂಟಾಗಿ ಡಬ್ಬಿಯ ಮೇಲೇ ಕೂತು, ವರ್ಷಗಟ್ಟಲೆ ಧೂಳು ಹಿಡಿಯುತ್ತದೆ. ಕೆಲವು ಸಲ ಸ್ಟಿಕ್ಕರನ್ನು ಒಳಗಿನ ಕವರ್ ಕಾಗದದ ಮೇಲೇ ನೇರವಾಗಿ ಅಂಟಿಸಿರುತ್ತೀರಿ. ಕಿತ್ತರೆ ಚಿತ್ರದ ಚರ್ಮವೇ ಸುಲಿದು ಬರುತ್ತದೆ. ಹಾಳಾಗಿ ಹೋಗಲಿ ಅಂತ ಬಿಟ್ಟಿದ್ದೆ.

ಆದರೆ ಹೋದ ತಿಂಗಳು ನಿಂಟೆಂಡೊ ಕಂಪನಿಯ ಗೇಮ್ ಯಂತ್ರ ಸ್ವಿಚ್ 2ರ ಒಂದು ಗೇಮ್ ಕೊಂಡೆ. ಅದು ಗೇಮ್-ಕೀ ಕಾರ್ಡ್. ಅಂದರೆ ಡಬ್ಬಿಯಲ್ಲಿರುವ ಕಾರ್ಡಿನಲ್ಲಿ ಗೇಮ್ ಇರುವುದಿಲ್ಲ. ಅದು ಬರೀ ಬೀಗದ ಕೈ. ಗೇಮನ್ನು ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು, ಆಡುವಾಗಲೆಲ್ಲ ಕಾರ್ಡೂ ಒಳಗಿರಬೇಕು. ಡೌನ್‌ಲೋಡಿನ ಕಾಯುವಿಕೆಯೂ ನನಗೆ, ಕಾರ್ಡ್ ಬದಲಿಸುವ ಕೆಲಸವೂ ನನಗೆ. ಕಂಪನಿ ಇದನ್ನು ಮುಚ್ಚಿಟ್ಟಿಲ್ಲ. ಡಬ್ಬಿಯ ಮುಂದೆ, ಕೆಳಗಿನ ಭಾಗದಲ್ಲಿ ಅಚ್ಚು ಹಾಕಿರುತ್ತದೆ. ನಿಮ್ಮ ಸ್ಟಿಕ್ಕರ್ ಸರಿಯಾಗಿ ಅದರ ಮೇಲೇ ಕೂತಿತ್ತು. ಬೇಕಂತಲೇ ಮಾಡಿದ್ದು ಅಂತ ನಾನು ಹೇಳುತ್ತಿಲ್ಲ. ಆದರೆ ಶೆಲ್ಫಿನಲ್ಲಿ ಅಂಥವೇ ಇನ್ನೂ ಆರು ಡಬ್ಬಿ ಇದ್ದವು. ಆರರಲ್ಲೂ ಸ್ಟಿಕ್ಕರ್ ಅಲ್ಲೇ ಇತ್ತು.

ಅಂಗಡಿಗೆ ಬರುವುದೇ ಕಣ್ಣಾರೆ ನೋಡಿ ಕೊಳ್ಳಲಿಕ್ಕೆ ಸ್ವಾಮಿ. ಡಿಸ್ಕ್ ಡ್ರಾಯರಿನಲ್ಲಿ, ಎಚ್ಚರಿಕೆ ಸ್ಟಿಕ್ಕರಿನ ಕೆಳಗೆ, ನಿಯಮ ತಲೆಯ ಮೇಲೆ. ಹೀಗಾದರೆ ನಾನು ನೋಡುವುದಾದರೂ ಏನನ್ನು?

ಕೌಂಟರಿನಲ್ಲಿ ಮೆಂಬರ್‌ಶಿಪ್ ಕಾರ್ಡ್ ಬೇಕಾ, ಗೀರು ಬಿದ್ದರೆ ಬದಲಿಸಿಕೊಡುವ ವಾರಂಟಿ ಬೇಕಾ, ಮುಂದಿನ ತಿಂಗಳ ಗೇಮ್ ಬುಕ್ ಮಾಡಬೇಕಾ ಅಂತ ಕೇಳುವುದರ ಬಗ್ಗೆ ದೂರಿಲ್ಲ. ಬೇಡ ಅಂದರೆ ಬಿಡುತ್ತಾರೆ. ಮೂರು ಸಲ ಅನ್ನಬೇಕು, ಅಷ್ಟೇ. ಆದರೆ ಶನಿವಾರ ಅದೇ ಡಿಸ್ಕಿಗೆ ಗೀರಿನ ವಾರಂಟಿ ಮಾರಲು ನೋಡಿದರಲ್ಲ, ಆಗಲೇ ಗೀರಿದ್ದ ಡಿಸ್ಕಿಗೆ! ಅದನ್ನು ನೆನೆದು ಈಗ ನಗು ಬರುತ್ತದೆ.

ನನಗೆ ಬೇಕಾದ್ದು ಇಷ್ಟು. ಅಕ್ಕನ ಮಗನ ಗೇಮಿಗೆ ಬದಲು, ಕಂಪನಿ ಹಾಕಿದ ಹೊದಿಕೆ ಹಾಗೇ ಇರುವ, ಕೋಡ್ ಬಳಸದ ಪ್ರತಿ ಕೊಡಿ. ಇಲ್ಲದಿದ್ದರೆ ಪೂರ್ತಿ ದುಡ್ಡು ವಾಪಸ್ ಕೊಡಿ. ಅಂಗಡಿಯಲ್ಲೇ ಖರ್ಚು ಮಾಡಬೇಕಾದ ಕ್ರೆಡಿಟ್ ಬೇಡ. ಪಾಲಿಶ್ ಮಾಡಿ ಕೆಡಿಸಿದ ಡಿಸ್ಕಿನ ಬೆಲೆಯನ್ನೂ ಕೊಡಿ. ಸ್ವಿಚ್ ಗೇಮ್ ಇರಲಿ, ಇಳಿಸಿಕೊಂಡು ಆಡುತ್ತಿದ್ದೇನೆ, ಚೆನ್ನಾಗಿದೆ. ಸ್ಟಿಕ್ಕರನ್ನು ಮಾತ್ರ ಇನ್ನು ಮೇಲೆ ಡಬ್ಬಿಯ ಹಿಂದೆ, ಬಾರ್‌ಕೋಡಿನ ಪಕ್ಕ ಹಾಕಿಸಿ. 'ಬಿಚ್ಚಿದ ಗೇಮ್ ವಾಪಸ್ ಇಲ್ಲ' ಅನ್ನುವ ಬೋರ್ಡಿನ ಕೆಳಗೆ 'ನಾವೇ ಬಿಚ್ಚಿದ್ದನ್ನು ಬಿಟ್ಟು' ಅಂತ ಒಂದು ಸಾಲು ಸೇರಿಸಿ. ಜಾಗ ಇದೆ, ನೋಡಿಕೊಂಡು ಬಂದಿದ್ದೇನೆ.

ಪತ್ರ ತಲುಪಿದ ಹದಿನೈದು ದಿನದೊಳಗೆ ಬರಹದಲ್ಲಿ ಉತ್ತರ ಬೇಕು. ಫೋನ್ ಮಾಡಿ 'ನಿಮ್ಮ ಅನಿಸಿಕೆ ನಮಗೆ ಮುಖ್ಯ' ಅನ್ನುವುದು ಬೇಡ. ಉತ್ತರ ಬರದಿದ್ದರೆ ಮುಂದೆ ಯಾವ ಬಾಗಿಲು ತಟ್ಟಬೇಕೋ ತಟ್ಟುತ್ತೇನೆ. ಆ ಡಿಸ್ಕನ್ನು ಒರೆಸದೆ ಹಾಗೇ ಇಟ್ಟಿದ್ದೇನೆ, ಹೆಬ್ಬೆಟ್ಟಿನ ಗುರುತಿನ ಸಮೇತ. ಅದು ನಮ್ಮ ಮನೆಯವರದ್ದಲ್ಲ. ಮೂವರದ್ದೂ ಪಕ್ಕದಲ್ಲಿಟ್ಟು ನೋಡಿದ್ದೇವೆ.

ಇಂತಿ,
ನಿಮ್ಮ ಹಳೆಯ ಗಿರಾಕಿ

ಅಡಕ: ಬಿಲ್ಲಿನ ಪ್ರತಿ, ಡಿಸ್ಕಿನ ಮೂರು ಫೋಟೋ, ಕೋಡ್ ಬಳಕೆಯಾಗಿದೆ ಎಂದು ತೋರಿಸುವ ಪರದೆಯ ಒಂದು ಫೋಟೋ