ಬಿಸಿಎ ಬಿಟ್ಟು ಬಿಎ ಸೇರ್ತಾಳಂತೆ

ಪ್ರಿಯ ಶಿವು,

ನಿನ್ನ ಫೋನು ಬಂದಾಗ ಕ್ಲಾಸಿನಲ್ಲಿದ್ದೆ. 'ಮಗಳು ಬಿಸಿಎ ಸೀಟು ಬೇಡ ಅಂತಾಳೆ, ಬಿಎ ಸೇರಿ ರಾಜ್ಯಶಾಸ್ತ್ರ ಓದ್ತಾಳಂತೆ. ಅದರಿಂದ ಹೊಟ್ಟೆ ತುಂಬುತ್ತಾ, ನೀನೇ ಹೇಳು' ಅಂದೆ. ಅದನ್ನೇ ಓದಿ, ಅದನ್ನೇ ಕಲಿಸಿ ಬದುಕುತ್ತಿರುವವನನ್ನು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಫೀಸಿನ ಚಿಂತೆ ಬಿಡು. ನಿಮ್ಮೂರಿನ ಸರ್ಕಾರಿ ಕಾಲೇಜಿನಲ್ಲಿ ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತಗೊಂಡರೆ ವರ್ಷದ ಫೀಸು ನಿನ್ನ ಬೈಕಿನ ಒಂದು ಸರ್ವೀಸಿನಷ್ಟು ಆದರೆ ಜಾಸ್ತಿ. ನಾಲ್ಕು ವರ್ಷದ ಪದವಿಯನ್ನೂ 2024ರಲ್ಲಿ ಕೈಬಿಟ್ಟು ಮತ್ತೆ ಮೂರು ವರ್ಷ ಮಾಡಿದ್ದಾರೆ. ಎಂಎಗೆ ಧಾರವಾಡಕ್ಕೆ ಬಂದಾಗ ನಿಜವಾದ ಖರ್ಚು ಶುರು. ಹಾಸ್ಟೆಲ್ ಸಿಗದಿದ್ದರೆ ಸಪ್ತಾಪುರದಲ್ಲಿ ರೂಮು, ಊಟ, ಪುಸ್ತಕ ಎಲ್ಲ ಸೇರಿ ತಿಂಗಳಿಗೆ 8 ಸಾವಿರ ಇಟ್ಟುಕೋ. ಎರಡು ವರ್ಷಕ್ಕೆ 2 ಲಕ್ಷದ ಹತ್ತಿರ. ಅಷ್ಟನ್ನು ನೀನು ತಡೆದುಕೊಳ್ಳುತ್ತೀಯ.

ನಾವು ಯಾರೂ ಲೆಕ್ಕ ಹಾಕದೇ ಹೋದದ್ದು ಎಂಎ ಆದ ಮೇಲಿನ ವರ್ಷಗಳನ್ನು. 2009ರಲ್ಲಿ ನನ್ನ ಎಂಎ ಮುಗಿಯಿತು. 'ಈ ವರ್ಷ ಲೆಕ್ಚರರ್ ಹುದ್ದೆಗೆ ಅರ್ಜಿ ಕರೀತಾರೆ' ಅಂತ ಸಪ್ತಾಪುರದ ರೂಮಿನಲ್ಲೇ ನಾಲ್ಕು ವರ್ಷ ಕೂತೆ. ಬೆಳಿಗ್ಗೆ ಲೈಬ್ರರಿ, ಸಂಜೆ ಚಹಾ, ರಾತ್ರಿ ಮತ್ತೆ ಅದೇ ನೋಟ್ಸು. ಅಪ್ಪ ದುಡ್ಡು ಕಳಿಸುತ್ತಲೇ ಇದ್ದರು, ಒಂದು ಮಾತೂ ಕೇಳಲಿಲ್ಲ. ಅದೇ ಇನ್ನೂ ಕಷ್ಟ. ಈಗಿನ ಖರ್ಚಿನಲ್ಲಿ ಹಾಗೆ ನಾಲ್ಕು ವರ್ಷ ಕೂತರೆ ರೂಮಿಗೇ 4 ಲಕ್ಷದ ಹತ್ತಿರ. ಅಷ್ಟು ದಿನ ಎಲ್ಲಾದರೂ 15 ಸಾವಿರಕ್ಕೆ ದುಡಿದಿದ್ದರೆ ಬರುತ್ತಿದ್ದ 7 ಲಕ್ಷ ಚಿಲ್ಲರೆಯೂ ಹೋಯಿತು. ಒಟ್ಟು 11 ಲಕ್ಷ. ಪದವಿಯ ಖರ್ಚು ಅಂದರೆ ಇದು ಮಾರಾಯ, ಫೀಸಲ್ಲ.

ಇನ್ನು ದುಡಿಮೆ. ನನ್ನ ಕಥೆ ನಿನಗೆ ಗೊತ್ತೇ ಇದೆ. ಮೊದಲು ಸೇರಿದ ಖಾಸಗಿ ಕಾಲೇಜು ವರ್ಷಕ್ಕೆ ಹತ್ತೇ ತಿಂಗಳ ಸಂಬಳ ಕೊಡುತ್ತಿತ್ತು. ಬೇಸಿಗೆಯಲ್ಲಿ ಮೇಷ್ಟ್ರಿಗೆ ಹಸಿವಾಗಲ್ಲ ಅಂದುಕೊಂಡಿದ್ದರೇನೋ. ಆಮೇಲೆ ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾದೆ. ಸ್ಲೆಟ್ಟೋ ನೆಟ್ಟೋ (ಕಾಲೇಜು ಉಪನ್ಯಾಸಕರ ಅರ್ಹತಾ ಪರೀಕ್ಷೆ) ಪಾಸಾದವರಿಗೂ ಅಲ್ಲಿ ತಿಂಗಳಿಗೆ 13 ಸಾವಿರ ಇತ್ತು. 2022ರಲ್ಲಿ ಅದು ಹೆಚ್ಚೆಂದರೆ 32 ಸಾವಿರಕ್ಕೆ ಏರಿತು. 2024ರಲ್ಲಿ ಸೇವೆಯ ವರ್ಷ ನೋಡಿ ಇನ್ನೂ 5ರಿಂದ 8 ಸಾವಿರ ಸೇರಿಸಿದರು. ಪಕ್ಕದ ಕುರ್ಚಿಯಲ್ಲಿ ಕೂತ ಕಾಯಂ ಸಹಾಯಕ ಪ್ರಾಧ್ಯಾಪಕರಿಗೆ ಸೇರಿದ ದಿನವೇ ಮೂಲವೇತನ 57,700, ಅದರ ಮೇಲೆ ಭತ್ಯೆ. ಇಬ್ಬರದ್ದೂ ಅದೇ ಸಿಲಬಸ್ಸು, ಅದೇ ಕರಿಹಲಗೆ. ಆ ಕುರ್ಚಿ ಯಾವಾಗ ಖಾಲಿಯಾಗುತ್ತೆ ಅನ್ನುವುದೇ ಗೊತ್ತಿಲ್ಲ. 2021ರಲ್ಲಿ ಎಲ್ಲ ವಿಷಯಗಳಿಗೂ ಸೇರಿ 1,242 ಹುದ್ದೆ ಕರೆದರು. ಅದಕ್ಕಾಗಿ ಕಾದವರ ತಲೆಗೂದಲು ಅಷ್ಟರಲ್ಲಿ ಬೆಳ್ಳಗಾಗಿತ್ತು, ನನ್ನದೂ ಸೇರಿ.

'ಕೆಎಎಸ್‌ಗೆ ಈ ಸಬ್ಜೆಕ್ಟು ಒಳ್ಳೇದಂತೆ' ಅಂತ ನೀನೂ ಅಂದೆ. ಅದು ಹಳೇ ಮಾತು. ಕೆಎಎಸ್ ಮುಖ್ಯ ಪರೀಕ್ಷೆಯಲ್ಲಿ ಈಗ ಐಚ್ಛಿಕ ವಿಷಯವೇ ಇಲ್ಲ, ಭಾಷಾ ಪತ್ರಿಕೆಗಳಲ್ಲಿ ಪಾಸಾದರೆ ಸಾಕು, ಲೆಕ್ಕಕ್ಕೆ ಬರುವುದು ಪ್ರಬಂಧ ಮತ್ತು ಸಾಮಾನ್ಯ ಅಧ್ಯಯನ ಅಷ್ಟೇ. ಸಂವಿಧಾನ, ಆಡಳಿತ ಓದಿದ್ದು ಅಲ್ಲಿ ಉಪಯೋಗಕ್ಕೆ ಬರುತ್ತೆ, ನಿಜ. ಆದರೆ ಬಿಇ ಮಾಡಿದ ಹುಡುಗನೂ ಆರು ತಿಂಗಳು ಕೂತು ಅದನ್ನು ಓದಿಬಿಡುತ್ತಾನೆ. ಯುಪಿಎಸ್‌ಸಿಯಲ್ಲಿ ಮಾತ್ರ ಐಚ್ಛಿಕ ವಿಷಯಕ್ಕೆ ಇವತ್ತಿಗೂ 500 ಅಂಕ ಇದೆ. ರಾಜಕೀಯಕ್ಕೆ ಇಳಿಯುವುದಾದರೆ ಪದವಿಯೇ ಬೇಡ ಬಿಡು. ವಿಧಾನಸಭೆಗೆ 10 ಸಾವಿರ ಠೇವಣಿ ಕಟ್ಟಿದರೆ ಅಭ್ಯರ್ಥಿ. ಮಿಕ್ಕ ಖರ್ಚು ನಿನಗೆ ಗೊತ್ತಲ್ವಾ.

ಹಾಗಾದರೆ ಬೇಡ ಅಂತೀಯಾ ಅಂತ ಕೇಳಬೇಡ. ಸೇರಿಸು. ಆದರೆ ಇವತ್ತೇ ಅವಳ ಜೊತೆ ಕೂತು, ಇದರಾಚೆ ಸುಮ್ನೆ ಕಾಯೋದಿಲ್ಲ ಅಂತ ಒಂದು ತಾರೀಖು ಬರೆದಿಡು. ಎಂಎ ಎರಡನೇ ವರ್ಷದಲ್ಲೇ ನೆಟ್ ಬರೆಯಲಿ, ಅವಕಾಶ ಇದೆ. ಅದರಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಬಂದರೆ ಪಿಎಚ್‌ಡಿ ಮಾಡುತ್ತಲೇ ಮೊದಲೆರಡು ವರ್ಷ ತಿಂಗಳಿಗೆ 37 ಸಾವಿರ. ಅದನ್ನೇ ಸಂಬಳ ಅಂದುಕೋ. ಬರದಿದ್ದರೆ ಬಿಎಡ್ ಮಾಡಲಿ. ಪಿಯು ಉಪನ್ಯಾಸಕರಾಗಲು ಎಂಎ ಜೊತೆ ಅದೂ ಬೇಕು. ಇನ್ನೂ ಎರಡು ವರ್ಷ ಅಂತ ಮುಖ ಸಿಂಡರಿಸಬೇಡ, ಸುಮ್ನೆ ಕಾಯುವ ಎರಡು ವರ್ಷಕ್ಕಿಂತ ವಾಸಿ. ಜೊತೆಗೆ ಇಂಗ್ಲಿಷಿನಲ್ಲಿ ನೆಟ್ಟಗೆ ನಾಲ್ಕು ಪುಟ ಬರೆಯೋದು, ಎಕ್ಸೆಲ್‌ನಲ್ಲಿ ಲೆಕ್ಕ ಮಾಡೋದು ಕಲಿಯಲಿ. ಎನ್‌ಜಿಒಗಳು ನಮ್ಮ ಕಡೆ ಸರ್ವೇಗೆ ಬಂದಾಗ ಹುಡುಕುವುದು ಅದನ್ನೇ. ಪದವಿ ಮುಗಿದು ಆರು ತಿಂಗಳು ಕೆಲಸ ಸಿಗದಿದ್ದರೆ ಸರ್ಕಾರದ ಯುವನಿಧಿಯಿಂದ ತಿಂಗಳಿಗೆ 3,000 ಇದೆ, ಎರಡು ವರ್ಷದವರೆಗೆ. ಸಪ್ತಾಪುರದ ಊಟದ ಬಿಲ್ಲಿಗೆ ಸರಿಹೋಗುತ್ತೆ, ಬಾಡಿಗೆಗೆ ಸಾಲದು.

ನೀನು ಫೋನು ಇಟ್ಟ ಮೇಲೆ ಅವಳೇ ನನಗೆ ಮಾಡಿದ್ದಳು. ಬಿಎ ಬಗ್ಗೆ ಒಂದು ಮಾತೂ ಕೇಳಲಿಲ್ಲ. 'ಅಂಕಲ್, ನಮ್ಮ ಪಂಚಾಯಿತಿಗೆ ಅಧ್ಯಕ್ಷೆ ಆಗಿರೋದು ಊರಿನ ಒಬ್ಬರು ಅಕ್ಕ. ಮೀಟಿಂಗಿನಲ್ಲಿ ಮಾತಾಡೋದು ಅವರ ಗಂಡ. ಅರ್ಧ ಸೀಟು ಹೆಂಗಸರಿಗೆ ಅಂತ ಕಾನೂನಿದ್ದೂ ಯಾಕೆ ಹೀಗೆ?' ಅಂದಳು. ಹತ್ತು ವರ್ಷಕ್ಕೂ ಮೇಲೆ ಪಾಠ ಮಾಡಿದ್ದೇನೆ ಶಿವು, ಬೆಂಚಿನಿಂದ ಈ ಪ್ರಶ್ನೆ ನನಗೆ ಬಂದಿಲ್ಲ. ಭಾನುವಾರ ಕರಕೊಂಡು ಬಾ. ಗಿರ್ಮಿಟ್ ತರಿಸಿರ್ತೀನಿ.

ನಿನ್ನ,
ಮೇಷ್ಟ್ರು